ಅವಳ ಹಕ್ಕುಪತ್ರ

ಅವಳಿಗೆ ಮನೆ ಜಾಗದ ಹಕ್ಕುಪತ್ರ ಸಿಕ್ಕಿದ ದಿನ ನನಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವಳು ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವಳು, ಕೂಲಿಯವರ ಸಾಲುಮನೆಯಲ್ಲಿ, ಲೈನ್ ಮನೆ ಎನ್ನುತ್ತೇವಲ್ಲ, ಅಲ್ಲಿ ಇರುವವಳು. ನಾನು ಅದೇ ತೋಟದ ಸಾಹುಕಾರರ ಹೆಂಡತಿ. ಯಾರನ್ನು ಕಂಡು ಯಾರಿಗೆ ಹೊಟ್ಟೆ ಉರಿಯಬೇಕಿತ್ತು, ನೀವೇ ಹೇಳಿ.

ಮೂಡಿಗೆರೆಯಲ್ಲಿ ಹೆಣ್ಣುಮಕ್ಕಳ ಹಕ್ಕಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯಿದೆ. ಮಕ್ಕಳು ಹಾಸ್ಟೆಲ್ಲಿಗೆ ಹೋದ ಮೇಲೆ ಹೊತ್ತು ಹೋಗದೆ ನಾನು ಅಲ್ಲಿ ಸೇರಿಕೊಂಡೆ. ಆಸ್ತಿಯ ಕಾಗದದಲ್ಲಿ ಹೆಂಗಸಿನ ಹೆಸರೂ ಇರಬೇಕು ಎನ್ನುವುದು ಆ ವರ್ಷದ ನಮ್ಮ ಪ್ರಚಾರ. ವಸ್ತಾರೆಯಿಂದ ಕೊಟ್ಟಿಗೆಹಾರದವರೆಗೆ ಜೀಪಿನಲ್ಲಿ ಸುತ್ತಿ ಭಾಷಣ ಮಾಡಿದವಳು ನಾನು. ಸಭೆಯಲ್ಲಿ ಎಲ್ಲರಿಗೂ ಬಹುವಚನವೇ ಎಂದು ನಿಯಮ. ಹಾಗಾಗಿ ಅವಳು ಅಲ್ಲಿ ‘ನೀವು’, ತೋಟದಲ್ಲಿ ‘ನೀನು’. ಅವಳ ಅರ್ಜಿಯನ್ನೂ ನಾನೇ ಬರೆದೆ. ಅಭ್ಯಾಸಬಲದಿಂದ ಗಂಡನ ಹೆಸರು ಮೊದಲು ಬರೆಯಲು ಹೋದಾಗ ಅವಳೇ ನನ್ನ ಕೈ ಹಿಡಿದು ತಡೆದಳು. ಆಮೇಲೆ ಅವಳಿಗೆ ಹೆದರಿಕೆಯೆಂದು ತಾಲ್ಲೂಕು ಕಚೇರಿಗೂ ಜೊತೆಗೆ ಹೋದೆ.

ಪತ್ರ ಸಿಕ್ಕಿದ ಕೂಡಲೇ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. ಅವಳ ಹೆಸರು, ಪಕ್ಕದಲ್ಲಿ ಅವಳ ಫೋಟೊ, ಮೇಲೊಂದು ಸೀಲು. ಫೋಟೊ ಚೆನ್ನಾಗಿ ಬಂದಿಲ್ಲ ಎಂದೆ. ಅಷ್ಟಾದರೂ ಅನ್ನದಿದ್ದರೆ ನನಗೆ ಸಮಾಧಾನವಿರಲಿಲ್ಲ.

“ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತಲ್ಲ ಅಮ್ಮ. ನಿಮ್ದು ಎಲ್ಲಿಟ್ಟಿದೀರಿ?” ಎಂದು ಕೇಳಿದಳು.

ಬೀರುವಿನಲ್ಲಿ ಎಂದೆ. ತೋಟದ ಕಾಗದ ಬೀರುವಿನಲ್ಲಿರುವುದು ನಿಜ. ಮೊದಲು ಮಾವನವರ ಹೆಸರಿನಲ್ಲಿತ್ತು, ಈಗ ಗಂಡನ ಹೆಸರಿನಲ್ಲಿದೆ. ನನ್ನದೆಂದರೆ ಬೀರುವಿನ ಬೀಗದ ಕೈ. ಒಮ್ಮೆ ಹೆಸರಿನ ಮಾತೆತ್ತಿದ್ದಕ್ಕೆ ಇವರು, ಎಲ್ಲಾ ನಿಂದೇ ಅಲ್ವಾ ಎಂದು ನಕ್ಕು ಪೇಪರ್ ಓದತೊಡಗಿದ್ದರು. ನಾನೂ ನಕ್ಕು ಒಳಗೆ ಹೋಗಿದ್ದೆ.

ಮುಂದಿನ ಸಭೆಯಲ್ಲಿ, ಸ್ವಂತ ಹೆಸರಿನಲ್ಲಿ ಜಾಗ ಇರುವವರು ಕೈ ಎತ್ತಿ ಎಂದು ಮೈಕಿನಲ್ಲಿ ಕೇಳಿದವಳೂ ನಾನೇ. ಎರಡನೇ ಸಾಲಿನಲ್ಲಿದ್ದ ಅವಳ ಕೈ ಥಟ್ಟನೆ ಮೇಲೆದ್ದಿತು. ಚಪ್ಪಾಳೆ ನಿಂತರೂ ಅವಳು ಕೈ ಇಳಿಸದೆ ನನ್ನನ್ನೇ ನೋಡುತ್ತಿದ್ದಳು.

“ಅಮ್ಮ, ನೀವು ಕೈ ಎತ್ತೋದು ಮರೆತ್ರಿ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ. ನನ್ನ ಹೆಸರಿನಲ್ಲಿ ಏನೂ ಇಲ್ಲ ಎಂದೆ. ಮೈಕು ಬಾಯಿಯ ಹತ್ತಿರವೇ ಇತ್ತು, ಹಿಂದಿನ ಸಾಲಿಗೂ ಕೇಳಿತು.

ಸಭೆ ಮುಗಿದ ಮೇಲೆ ಅವಳು ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದಳು. ಅಲ್ಲಿ ನಿಲ್ಲಿಸಿದ್ದ ನನ್ನ ಜೀಪಿನ ಹತ್ತಿರ ಬಂದಾಗ ಹೇಳಿದಳು.

“ಸಾವ್ಕಾರ್ರ ಹತ್ರ ಕೇಳಕ್ಕೆ ಹೆದರಿಕೆ ಆದ್ರೆ ನಾನೂ ಜೊತೆಗೆ ಬರ್ತೀನಿ ಅಮ್ಮ.”

ಪತ್ರಕ್ಕಿಂತ ಆ ಧೈರ್ಯ ಕಂಡು ನನಗೆ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು. ನೋಡೋಣ ಎಂದಷ್ಟೇ ಹೇಳಿದೆ.

ಮಾರನೆಯ ಬೆಳಿಗ್ಗೆ ಕೊಯ್ಲಿಗೆ ಹೋಗುವ ಮೊದಲು ಬಂದಳು. ಅಡುಗೆಮನೆ ಬಾಗಿಲಿಗಲ್ಲ, ಮುಂಬಾಗಿಲಿಗೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಇವರು ತಲೆ ಎತ್ತಿ, ಏನು ವಿಷಯ ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು.