ಜೇಬಿನಲ್ಲಿದ್ದ ಫ್ಯೂಸು

ಕೈಗುಣ ಎಂಬ ಮಾತನ್ನು ನಾನು ನಂಬುತ್ತಿರಲಿಲ್ಲ. ಆ ಡಾಕ್ಟರ ಕೈಗುಣ ಒಳ್ಳೆಯದು, ಈ ಅಡುಗೆಯವರ ಕೈಗುಣ ಒಳ್ಳೆಯದು ಎಂದು ಯಾರಾದರೂ ಶುರು ಮಾಡಿದರೆ ಮೈ ಉರಿಯುತ್ತಿತ್ತು. ಇಂಜಿನಿಯರಿಂಗ್ ಓದಿ ಅದನ್ನೇ ಪಾಠ ಹೇಳುವವನು ನಾನು. ಮೀಟರಿನಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂಬ ಜಂಬ. ಈಗ ಬರೆಯುತ್ತಿರುವುದನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ನಂಬುವುದಿಲ್ಲ ಎಂದಲ್ಲ, ನಂಬಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು.

ಎರಡು ಸಾವಿರದ ದಶಕದ ನಡುವಿನ ಮಾತು. ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಹಂಗಾಮಿ ಮೇಷ್ಟ್ರು. ಓಡುವ ಗಾಡಿಯಲ್ಲಿ ಇಂಟರ್‌ನೆಟ್ ಕಡಿಯದಂತೆ ಮಾಡುವುದು ನನ್ನ ಪ್ರಾಜೆಕ್ಟ್. ಕಾಲೇಜಿನ ಮಾಳಿಗೆಯಿಂದ ಸಿಗ್ನಲ್ ಬಿಡುತ್ತಿದ್ದೆವು; ಹಳೇ ಜೀಪಿನ ಮೇಲೆ ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ. ಸಾಮಾನ್ಯ ಕಡ್ಡಿ ಆಂಟೆನಾ ಊರು ದಾಟುವುದರೊಳಗೆ ಕೈಕೊಡುತ್ತಿತ್ತು. ಇದು ಗುಬ್ಬಿಯವರೆಗೂ ಎಳೆಯುತ್ತಿತ್ತು. ಆದರೆ ಜೀಪು ಎತ್ತ ತಿರುಗಿದರೂ ಇದರ ಮುಖ ಕಾಲೇಜಿನ ಕಡೆಗೇ ಇರಬೇಕು. ಅದಕ್ಕೆ ಮೋಟಾರು ಹಾಕಿದ್ದೆ. ದಿಕ್ಸೂಚಿ ನೋಡಿಕೊಂಡು ತಿರುಗಬೇಕಾದ ಆ ಮೋಟಾರು ಜೀಪಿನ ಕಬ್ಬಿಣಕ್ಕೆ ತಲೆ ಕೆಟ್ಟವರ ಹಾಗೆ ಆಡುತ್ತಿತ್ತು.

ಆಗ ಕರೆತಂದದ್ದು ಉಪ್ಪಾರಹಳ್ಳಿಯ ಬಷೀರ್ ಸಾಬರನ್ನು. ಮೂಲತಃ ಕುಣಿಗಲ್ ಕಡೆಯವರು. ತೊಂಬತ್ತರ ದಶಕದಲ್ಲಿ ಅಲ್ಲಿಂದ ಗುಬ್ಬಿಯವರೆಗೆ ಮನೆಮನೆಗೆ ಟಿವಿ ಆಂಟೆನಾ ಕಟ್ಟಿದವರು. ನಿಮಗೂ ನೆನಪಿರಬೇಕು: ಮೇಲೊಬ್ಬರು ಪೈಪು ತಿರುಗಿಸುತ್ತಾ "ಬಂತಾ?" ಎಂದು ಕೂಗುವುದು, ಕೆಳಗಿನಿಂದ ಮನೆಮಂದಿಯೆಲ್ಲ "ಬಂತು, ಬಂತು, ಅಯ್ಯೋ ಹೋಯ್ತು!" ಎನ್ನುವುದು. ಕೇಬಲ್ ಬಂದ ಮೇಲೆ ಅವರ ಕಸುಬು ಮುಗಿದಿತ್ತು. ಮೋಟಾರಿನ ಜಾಗಕ್ಕೆ ಒಂದು ಹಿಡಿ ಸಿಕ್ಕಿಸಿ ಅವರನ್ನು ಜೀಪಿನ ಹಿಂದೆ ಕೂರಿಸಿದೆ. ಮೊದಲೆರಡು ದಿನ ತಿರುವಿಗೊಮ್ಮೆ "ಬಂತಾ ಸಾರ್?" ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ರಸ್ತೆ ತಿರುಗುವ ಮೊದಲೇ ಅವರ ಮಣಿಕಟ್ಟು ತಿರುಗಿರುತ್ತಿತ್ತು.

ಪ್ರಾಜೆಕ್ಟ್ ಗೆದ್ದರೆ ನನ್ನ ಕೆಲಸ ಖಾಯಂ. ಲ್ಯಾಬಿಗೊಬ್ಬ ಸಹಾಯಕನನ್ನೂ ತೆಗೆದುಕೊಳ್ಳುವವರಿದ್ದರು. ಅದು ನಿಮಗೇ ಎಂದು ಸಾಬರಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ನೆಚ್ಚಿಕೊಂಡು ಅವರು ಬೇರೆ ಕೆಲಸ ಹುಡುಕುವುದನ್ನು ಬಿಟ್ಟಿದ್ದರು.

ನಾನು ಮಾಡಿದ್ದು ಏನು ಗೊತ್ತೆ? ಸಾಬರ ಕೈಯಿಂದ ಬಂದ ಅಂಕಿಗಳನ್ನೆಲ್ಲ ವರದಿಯಲ್ಲಿ ಮೋಟಾರಿನ ಹೆಸರಿಗೆ ಬರೆದೆ. ಕೈಯಲ್ಲಿ ತಿರುಗಿಸುವುದನ್ನು ಕಂಡರೆ ದೊಡ್ಡವರು ನಗುತ್ತಾರೆ ಎಂದು, ಪರೀಕ್ಷಕರು ಬರುವ ದಿನ ನೀವು ಬರಬೇಡಿ ಎಂದುಬಿಟ್ಟೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ನಾನು ದಾಟುವ ಮೊದಲೇ ಅಂಬಿಗನನ್ನು ಇಳಿಸಿದ್ದೆ. ಅವರು ಹಿಡಿಯನ್ನು ಒರೆಸಿ ನನ್ನ ಕೈಗಿಟ್ಟು ಹೋದರು.

ಆ ದಿನ ಮೋಟಾರನ್ನೇ ಮತ್ತೆ ಕೂರಿಸಿ, ಒಂದು ಸಲವಾದರೂ ಸರಿಯಾಗಿ ತಿರುಗೀತು ಎಂದು ನೆಚ್ಚಿದೆ. ಬೆಳಿಗ್ಗೆ ಹನ್ನೊಂದಕ್ಕೆ ಹೊರಟೆವು. ನಾನೇ ಜೀಪು ಓಡಿಸುತ್ತಿದ್ದೆ. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಪರೀಕ್ಷಕರು, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಲ್ಲಿ ಕಾಲೇಜಿನ ಕ್ಯಾಮೆರಾ ಕಳಿಸುತ್ತಿದ್ದ ಚಿತ್ರ. ಮಲ್ಲಸಂದ್ರ ದಾಟಿತು, ತಿರುವುಗಳು ಬಂದವು, ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ತಿರುವಿನಲ್ಲೆಲ್ಲ ತಲೆಯ ಮೇಲೆ ಆಂಟೆನಾ ತಿರುಗುವ ಕಿರ್ ಕಿರ್ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಪರೀಕ್ಷಕರು ನನ್ನ ಭುಜ ತಟ್ಟಿದರು.

ಗುಬ್ಬಿಯಲ್ಲಿ ಕಾಫಿಗೆ ಇಳಿದೆವು. ಪೆನ್ನಿಗೆಂದು ಜೇಬಿಗೆ ಕೈ ಹಾಕಿದೆ. ಮೋಟಾರಿನ ಫ್ಯೂಸು ಬೆರಳಿಗೆ ತಗುಲಿತು. ಬೆಳಿಗ್ಗೆ ಬೋಲ್ಟ್ ಬಿಗಿ ಮಾಡುವಾಗ ತೆಗೆದು ಜೇಬಿಗೆ ಹಾಕಿಕೊಂಡವನು ವಾಪಸು ಸಿಕ್ಕಿಸುವುದನ್ನೇ ಮರೆತಿದ್ದೆ. ಅಂದರೆ ಮೋಟಾರಿಗೆ ಕರೆಂಟೇ ಇರಲಿಲ್ಲ. ಹಿಡಿ ನನ್ನ ಮನೆಯಲ್ಲಿತ್ತು. ಗಾಳಿ ಎನ್ನೋಣವೆಂದರೆ, ಮೋಟಾರಿನ ಹಲ್ಲುಚಕ್ರ ಆಂಟೆನಾ ಹಿಡಿದು ಜಗ್ಗಿದರೂ ಕದಲುವಂಥದ್ದಲ್ಲ. ಅಲ್ಲೇ ಜಗ್ಗಿ ನೋಡಿದೆ. ಕದಲಲಿಲ್ಲ.

ಯಾರಿಗೂ ಕಾಣದಂತೆ ಫ್ಯೂಸು ಸಿಕ್ಕಿಸಿದೆ. ವಾಪಸು ಬರುವಾಗ ಮೋಟಾರು ತನ್ನ ಹಳೇ ಚಾಳಿ ತೋರಿಸಿತು. ಮಲ್ಲಸಂದ್ರ ಬರುವುದರೊಳಗೆ ಚಿತ್ರ ನಾಲ್ಕು ಸಲ ಸತ್ತಿತು. ಹೋಗುವಾಗ ಸೊಗಸಾಗಿತ್ತಲ್ಲ ಬಿಡಿ ಎಂದು ಪರೀಕ್ಷಕರು ಸಹಿ ಹಾಕಿದರು.

ಸಂಜೆ ಉಪ್ಪಾರಹಳ್ಳಿಗೆ ಹೋದೆ. ಸಾಬರು ಗೋಡೆಗೊರಗಿ ಕೂತಿದ್ದರು. ಅವರ ಹೆಂಡತಿ ಬಲಗೈ ಮಣಿಕಟ್ಟಿಗೆ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದರು.

"ಹನ್ನೊಂದು ಗಂಟೆಗೆ ಶುರುವಾಯ್ತು ಸಾರ್," ಎಂದರು ಆಕೆ. "ಕೂತಂಗೇ ಕೈ ತಾನಾಗೇ ತಿರುಗ್ತಾ ಇತ್ತು. ಹಿಡ್ಕಂಡ್ರೂ ನಿಲ್ಲಲಿಲ್ಲ."

ಸಾಬರು ನಾಚಿಕೊಂಡು ನಕ್ಕರು. "ಅಭ್ಯಾಸ ಬುಡಿ ಸಾರ್. ಮನಸ್ಸೆಲ್ಲ ಅಲ್ಲೇ ಇತ್ತು." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಬಂತಾ ಸಾರ್?"

ನಡೆದದ್ದನ್ನೆಲ್ಲ ಹೇಳಲೆಂದೇ ಅಲ್ಲಿಗೆ ಹೋಗಿದ್ದೆ. ಆದರೆ ನಿಮ್ಮ ಕೈಯಿಂದಲೇ ಬಂತು ಎಂದರೆ, ವರದಿ ಸುಳ್ಳು, ನಾನೂ ಸುಳ್ಳು. "ಮೋಟಾರು ಚೆನ್ನಾಗಿ ಕೆಲಸ ಮಾಡ್ತು ಸಾಬ್ರೇ," ಎಂದೆ.

"ಹಂಗಾದ್ರೆ ನನ್ನ ಅಗತ್ಯ ಇಲ್ಲ ಬುಡಿ," ಎಂದರು. ಕೋಪವೇನೂ ಇರಲಿಲ್ಲ.

ನಾನು ಖಾಯಂ ಆದೆ. ಮೋಟಾರೇ ತಿರುಗಿಸುವಾಗ ಸಹಾಯಕ ಏಕೆಂದು ಆ ಹುದ್ದೆಯನ್ನು ಕೈಬಿಟ್ಟರು. ಸಾಬರು ಮತ್ತೆ ಕುಣಿಗಲ್ಲಿಗೆ ಹೋದರೆಂದು ಕೇಳಿದೆ. ಹುಡುಕಿಕೊಂಡು ಹೋಗುವ ಮುಖ ನನಗಿರಲಿಲ್ಲ. ಆ ಆಂಟೆನಾ ಹೇಗೆ ತಿರುಗಿತೋ ನನಗೆ ಇಂದಿಗೂ ಗೊತ್ತಿಲ್ಲ, ಲೆಕ್ಕ ಹಾಕಿ ಹಾಕಿ ಸೋತಿದ್ದೇನೆ. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಆವತ್ತೇ ಗೊತ್ತಿತ್ತು. ಬಂತು ಸಾಬ್ರೇ, ಗುಬ್ಬಿಯವರೆಗೂ ಬಂತು.