ಒರಗಿ ನಿಂತ ಕಮಾನು

ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಮೇಡಂ, ಮಧ್ಯಯುಗದ ಚರ್ಚು, ಮಸೀದಿಗಳ ಪಾಠ ಬಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದರು. ಕ್ಲಾಸಿಗೆ ಮೊಬೈಲ್ ತರುವಂತಿರಲಿಲ್ಲ. ಪುಸ್ತಕದ ಚಿತ್ರಗಳೋ ಮಸಿ ಬಳಿದಂತಿದ್ದವು. ಸೀಮೆಸುಣ್ಣ ಮೆತ್ತಿದ ಎರಡೂ ಕೈಗಳ ಬೆರಳ ತುದಿ ಕೂಡಿಸಿ, ಚೂಪು ಕಮಾನು ಮಾಡಿ ತೋರಿಸುತ್ತಿದ್ದರು. "ಮಸೀದೀಲೂ ಇದೇಯ, ಚರ್ಚಲ್ಲೂ ಇದೇಯ. ಒಂದಕ್ಕೊಂದು ಒರಗಿದ್ರೇನೇ ನಿಲ್ಲೋದು ಕಣ್ರಮ್ಮಾ."

ಒಂದು ದಿನ ನನ್ನನ್ನೂ ಮುಂದಿನ ಬೆಂಚಿನ ಹುಡುಗಿಯನ್ನೂ ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಕೊಟ್ಟು ಕಮಾನಾಗಿ ಎಂದರು. ನಾನು ಹದಿನಾರು ಎಂಬ ಹಳ್ಳಿಯಿಂದ ಬರುತ್ತಿದ್ದ ದಲಿತ ಕೇರಿಯವಳು. ಅವಳು ಕೈಗಳನ್ನು ವೇಲಿನೊಳಗೆ ಸುತ್ತಿಕೊಂಡು ಕಿಟಕಿಯ ಕಡೆ ನೋಡಿದಳು. ಯಾಕೆಂದು ಕ್ಲಾಸಿಗೆಲ್ಲ ಗೊತ್ತಿತ್ತು. ಎತ್ತಿದ ಕೈಗಳನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮೇಡಂ ಅವಳನ್ನು ಗದರಲಿಲ್ಲ. "ನೀನು ಕೂತ್ಕೊಳ್ಳಮ್ಮ" ಎಂದು, ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ತಾವೇ ನನ್ನೆದುರು ಕೈಯೆತ್ತಿ ನಿಂತರು. ನಾನು ಹೆದರಿ ಬೆರಳು ತಾಗಿಸಿದೆನಷ್ಟೆ.

"ಮುಟ್ಟುದ್ರೆ ಸಾಲ್ದು ಕಣವ್ವಾ. ಭಾರ ಬಿಡು."

"ಬಿದ್ದೋಯ್ತೀರಿ ಮೇಡಂ."

"ನೀನು ಬಿಡ್ದೇ ಇದ್ರೆ ಇಬ್ರೂ ಬೀಳ್ತೀವಿ."

ಒರಗಿದೆ. ಅವರೂ ಒರಗಿದರು. ಹಾಗೇ ನಿಂತು, ಬೆವರುತ್ತಾ, ಆ ದಿನದ ಚರ್ಚು ಮಸೀದಿಗಳನ್ನೆಲ್ಲ ನಮ್ಮಿಬ್ಬರ ಕೈಗಳ ಮೇಲೇ ಕಟ್ಟಿ ಮುಗಿಸಿದರು.

ಸಂಜೆ ಅವ್ವ ಉಣ್ಣಲು ಕರೆದಾಗ ಬಲಗೈ ಒಂದನ್ನೇ ತೊಳೆದೆ. ಎಡಗೈಯಲ್ಲಿ ಅವರ ಸೀಮೆಸುಣ್ಣ ಇನ್ನೂ ಇತ್ತು.