ಕಡ್ಡಿಪುಡಿ ತಂಬಾಕಲ್ಲವಂತೆ

ನಾಗರಬಾವಿಯಲ್ಲಿ ನಮ್ಮ ಓನರ್ ಯಶೋದಮ್ಮನವರ ಮೆಟ್ಟಿಲ ಬಳಿ ಒಂದು ಬೋರ್ಡಿದೆ: ‘ಸಿಗರೇಟು ಸೇದುವವರಿಗೆ ರೂಮಿಲ್ಲ’. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ನಾಲ್ಕು ಮಹಡಿ ಕಟ್ಟಿಸಿದ ಗಟ್ಟಿಗಿತ್ತಿ. ಹೊಗೆ ವಾಸನೆ ಬಂತೆಂದು ಕಳೆದ ವರ್ಷ ಲಾ ಓದುವ ಇಬ್ಬರು ಹುಡುಗರನ್ನು ಖಾಲಿ ಮಾಡಿಸಿದರು. ಅವರನ್ನು ಬೈಯುವಾಗಲೂ ಇವರ ಎಡಗೆನ್ನೆ ಉಬ್ಬಿಯೇ ಇತ್ತು. ಒಳಗೆ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ನಲವತ್ತು ವರ್ಷದ ಅಭ್ಯಾಸ.

ನಾನು ವಿಜಯಶ್ರೀ, ಬಾದಾಮಿ ಕಡೆಯವಳು, ಅವರ ಬಾಡಿಗೆದಾರಳು. ಲ್ಯಾಬೊಂದರಲ್ಲಿ ದಿನವಿಡೀ ಬಯಾಪ್ಸಿ ಸ್ಲೈಡು ತಯಾರಿಸುವುದು ನನ್ನ ಕೆಲಸ. ಅವರ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡ ದಿನದಿಂದ ನನಗೆ ನೆಮ್ಮದಿಯಿಲ್ಲ.

“ಆಂಟಿ, ಆ ಕಡ್ಡಿಪುಡಿ ವಿಷ ಜೀವಕೋಶದೊಳಗ ಹೋಗಿ ಡಿಎನ್‌ಎಗೆ ಅಂಟ್ಕೋತದ್ರಿ. ಕೋಶ ರಿಪೇರಿ ಮಾಡ್ಕೋತದ. ದಿನಾ ಹಾಕಿದ್ರ ಒಂದಿನ ರಿಪೇರಿ ತಪ್ತದ. ಆಮ್ಯಾಲೆ ಪರ್ಮಿಶನ್ ಇಲ್ದ ಮಹಡಿ ಮ್ಯಾಲೆ ಮಹಡಿ ಕಟ್ಟಿದಂಗ ಬೆಳಕೋತ ಹೋಗ್ತದ.”

“ನಾವೂ ನಾಲ್ಕನೇದು ಹಂಗೇ ಕಟ್ಟಿದ್ದು ಕಣೇ. ಏನಾಯ್ತು?”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ತಲೆ ಚಚ್ಚಿಕೊಳ್ಳುವಂತಾಯಿತು. ಕೊನೆಗೆ ಅವರನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ.

“ತಂಬಾಕು ಹಾಕ್ತೀರಾಮ್ಮ?” ಎಂದು ಡಾಕ್ಟರು ಕೇಳಿದರು.

“ಅಯ್ಯೋ ಶಿವನೇ, ಇಲ್ಲಪ್ಪ!”

ಡಾಕ್ಟರು ‘ಇಲ್ಲ’ ಎಂದು ಬರೆಯತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಸೊಂಟದ ಎಲೆಚೀಲ ಕಿತ್ತು ಮೇಜಿನ ಮೇಲೆ ಸುರಿದೆ. “ಇದೇನ್ರೀ ಮತ್ತ?”

“ಅದು ಕಡ್ಡಿಪುಡಿ! ತಂಬಾಕು ಗಂಡಸ್ರು ಹಾಕೋದು!”

ಡಾಕ್ಟರು ನಗಲಿಲ್ಲ. ಹೊಗೆಸೊಪ್ಪು ಅಂದರೆ ತಂಬಾಕೇ, ಅದರ ಕಡ್ಡಿಯ ಪುಡಿಯೇ ಕಡ್ಡಿಪುಡಿ ಎಂದು ತಿಳಿಸಿ, ಬಯಾಪ್ಸಿಗೆ ಬರೆದುಕೊಟ್ಟರು.

ರಿಪೋರ್ಟು ಬಂತು. ಕೋಶಗಳು ಕೆಟ್ಟಿವೆ, ಕ್ಯಾನ್ಸರ್ ಇನ್ನೂ ಆಗಿಲ್ಲ, ಈಗಲೇ ಬಿಟ್ಟರೆ ಬಚಾವಾಗಬಹುದು. ಯಶೋದಮ್ಮ ಅತ್ತರು. ಕಡ್ಡಿಪುಡಿ ಡಬ್ಬಿಯನ್ನು ತಾವೇ ಕಸದ ಗಾಡಿಗೆ ಎಸೆದರು.

ಹದಿನೈದು ದಿನದ ಮೇಲೆ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ, ಅಲ್ಲಿ ಕೂತಿದ್ದ ಯಶೋದಮ್ಮನವರ ಎಡಗೆನ್ನೆ ಮತ್ತೆ ಉಬ್ಬಿದೆ!

“ಕೂಗ್ಬೇಡ್ವೇ. ಕಡ್ಡಿಪುಡಿ ಮುಟ್ಟಿಲ್ಲ, ನಮ್ಮಪ್ಪನಾಣೆ. ಬರೀ ಅಡಿಕೆ. ದೇವ್ರಿಗಿಡೋ ಅಡಿಕೆ ಏನ್ಮಾಡುತ್ತೆ?”

ಅಡಿಕೆಯೊಂದೇ ಸಾಕು ಕೋಶ ಕೆಡಿಸಲು. ಇದು ನನಗೆ ಗೊತ್ತಿತ್ತು. ಇಷ್ಟೆಲ್ಲ ಉಪದೇಶದಲ್ಲಿ ಅದೊಂದನ್ನೇ ಹೇಳಿರಲಿಲ್ಲ. ಗೌರಿ ಹಬ್ಬದೂಟ ಮುಗಿಸಿ ಅವರ ಎಲೆಯಡಿಕೆ ತಟ್ಟೆಯಿಂದ ಅಡಿಕೆ ತೆಗೆದು ಜಗಿದವಳು ನಾನೇ ಅಲ್ಲವೇ? ನನ್ನ ಮೇಲೆಯೇ ಸಿಟ್ಟು ಬಂತು, ಹೆದರಿಕೆಯೂ ಆಯಿತು.

“ಅದೂ ವಿಷಾನ ರೀ. ನಾ ಹೇಳ್ಲಿಲ್ಲ, ನನ್ನ ತಪ್ಪು. ಉಗೀರಿ ಮೊದ್ಲ,” ಎಂದು ಅಂಗೈ ಒಡ್ಡಿದೆ.

“ಇನ್ನೇನೇ ಉಳೀತು ನಂಗೆ?”

“ಬಾಯಿ ಉಳೀತದ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂಗೈಗೆ ಉಗಿದರು.